ತಾಲ್ಲೂಕಿನ ಅಂಕಿ, ಮಾಸ್ತರರ ಲೆಕ್ಕ

ಕೇಳುಗರೇ, ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ರಸ್ತೆ ಕೇಳುವ ಮನವಿ ಪತ್ರವಿರಲಿ, ಕಾಲೇಜು ಕೇಳುವ ಧರಣಿಯಿರಲಿ, ಎರಡನೇ ಮಾತಿಗೇ ಒಂದು ಹೆಸರು ಬರುತ್ತದೆ: ನಂಜುಂಡಪ್ಪ ವರದಿ, ರಾಜ್ಯದ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು 2002ರಲ್ಲಿ ಅಳೆದು ಕೊಟ್ಟ ವರದಿ. ಹೆಸರು ಎಲ್ಲರ ಬಾಯಲ್ಲಿದೆ, ಆದರೆ ವರದಿಯ ಒಳಗಿನ ಲೆಕ್ಕ ಬಿಡಿಸಿ ನೋಡಿದವರು ಕಡಿಮೆ. ಇವತ್ತು ಆ ಲೆಕ್ಕವನ್ನೇ ಬಿಡಿಸೋಣ. ಅದನ್ನು ಹಾಕಿದ ಅರ್ಥಶಾಸ್ತ್ರದ ಮಾಸ್ತರರ ಬಗ್ಗೆಯೂ, ಅವರಿಗಿಂತ ಮೊದಲಿನ ಒಬ್ಬರು, ನಂತರದ ಒಬ್ಬರ ಬಗ್ಗೆಯೂ ನಾಲ್ಕು ಮಾತು ಆಡೋಣ. ಹತ್ತಿರದಲ್ಲಿ ಹಾಳೆ, ಪೆನ್ನು ಇದ್ದರೆ ಇಟ್ಟುಕೊಳ್ಳಿ. ನಡುವೆ ಸಣ್ಣ ಲೆಕ್ಕಗಳು ಬರುತ್ತವೆ.

ಮೊದಲಿನವರು ವಿ.ಕೆ.ಆರ್.ವಿ. ರಾವ್. 1908ರಲ್ಲಿ ಹುಟ್ಟಿದವರು. ಕೇಂಬ್ರಿಡ್ಜ್‌ನಲ್ಲಿ ಓದುವಾಗ ಅವರು ಕೈಗೆತ್ತಿಕೊಂಡ ಪ್ರಶ್ನೆ ಕೇಳಲು ಸರಳ: ಈ ದೇಶದ ಜನ ವರ್ಷಕ್ಕೆ ಒಟ್ಟು ಎಷ್ಟು ಗಳಿಸುತ್ತಾರೆ? ಆಗ ಬ್ರಿಟಿಷ್ ಭಾರತದಲ್ಲಿ ಲೆಕ್ಕಪತ್ರ ಇಟ್ಟವರು ವಿರಳ. ಒಕ್ಕಲಿಗನ ಹತ್ತಿರ ಪಗಾರದ ಚೀಟಿ ಎಲ್ಲಿಂದ ಬರಬೇಕು? ಹಾಗಾಗಿ ರಾಯರು ಎರಡು ದಾರಿ ಕೂಡಿಸಿದರು. ಹೊಲದಲ್ಲಿ ಬೆಳೆದದ್ದನ್ನು, ಗಣಿಯಲ್ಲಿ ತೆಗೆದದ್ದನ್ನು ಉತ್ಪನ್ನದ ಬೆಲೆಯಿಂದ ಅಳೆದರು. ವ್ಯಾಪಾರ, ನೌಕರಿ, ವಕೀಲಿಕೆಯಂಥ ಕಸುಬುಗಳನ್ನು ಅದರಲ್ಲಿ ತೊಡಗಿದವರ ಸಂಖ್ಯೆ ಮತ್ತು ಆದಾಯದಿಂದ ಅಳೆದರು. 1931-32ಕ್ಕೆ ಅವರಿಗೆ ಸಿಕ್ಕ ತಲಾ ಆದಾಯ ವರ್ಷಕ್ಕೆ 62 ರೂಪಾಯಿ.

ಇಂಥ ಲೆಕ್ಕದಲ್ಲಿ ಎಡವುವ ಜಾಗ ಯಾವುದು ಎಂದು ನಮ್ಮ ತೊಗರಿಯಿಂದಲೇ ನೋಡಬಹುದು. ಹೇಳುವ ದರಗಳು ಲೆಕ್ಕಕ್ಕೆಂದು ಹಿಡಿದವು, ಅಡತಿ ಅಂಗಡಿಯ ಇವತ್ತಿನ ಧಾರಣೆ ಅಲ್ಲ. ಒಂದು ಕ್ವಿಂಟಲ್ ತೊಗರಿ 7,000 ರೂಪಾಯಿಗೆ ದಾಲ್ ಮಿಲ್ಲಿಗೆ ಹೋಯಿತು ಅನ್ನಿ. ಅದರಿಂದ 70 ಕಿಲೋ ಬೇಳೆ ಬಂತು, ಕಿಲೋಗೆ 120ರಂತೆ 8,400. ಚುನ್ನಿ, ಹೊಟ್ಟು ದನದ ಮೇವಿಗೆ ಮಾರಿ 400. ಮಿಲ್ಲಿನಿಂದ ಹೊರಬಿದ್ದ ಮಾಲು 8,800. ಅವಸರದವರು ರೈತನ 7,000, ಮಿಲ್ಲಿನ 8,800 ಕೂಡಿಸಿ 15,800 ಬರೆದುಬಿಡುತ್ತಾರೆ. ಒಂದೇ ತೊಗರಿ ಎರಡು ಸಲ ಎಣಿಕೆಯಾಯಿತು. ಸರಿಯಾದ ಲೆಕ್ಕ ಬೇರೆ. ಮಿಲ್ಲಿನ 8,800ರಲ್ಲಿ ತೊಗರಿಯ 7,000, ಕರೆಂಟು ಮೊದಲಾದ ಖರ್ಚು 300 ಕಳೆದರೆ ಉಳಿಯುವ 1,500 ಮಾತ್ರ ಮಿಲ್ಲು ಹೊಸದಾಗಿ ಕೂಡಿಸಿದ್ದು. ರೈತನ 7,000ದಲ್ಲಿ ಬೀಜ, ಗೊಬ್ಬರ, ಕೀಟನಾಶಕದ 1,500 ಕಳೆದರೆ 5,500. ಇಬ್ಬರದೂ ಸೇರಿ 7,000. ಉಳಿದ 1,800 ಬೀಜ, ಗೊಬ್ಬರ, ಕರೆಂಟು ಕೊಟ್ಟವರ ಖಾತೆಗೆ ಸೇರಬೇಕು. ಮೂರೂ ಕೂಡಿಸಿದರೆ ಮತ್ತೆ 8,800 ಬರಬೇಕು, ಬಂದರೆ ಲೆಕ್ಕ ತಾಳೆಯಾಯಿತು.

ಈ ಶಿಸ್ತು ಕಲಿತ ಮಾಸ್ತರು ಆಮೇಲೆ ಸಂಸ್ಥೆ ಕಟ್ಟುವ ಕೆಲಸಕ್ಕೆ ಇಳಿದರು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್. ನಡುವೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ, ಯೋಜನಾ ಆಯೋಗದ ಸದಸ್ಯ. ನಮ್ಮ ಭಾಗದವರು ನೆನೆಯಬೇಕಾದದ್ದು, 1967ರಲ್ಲೂ 1971ರಲ್ಲೂ ಅವರು ಲೋಕಸಭೆಗೆ ಗೆದ್ದದ್ದು ಬಳ್ಳಾರಿಯಿಂದ. ಕಾಲೇಜಿನ ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಗುದ್ದಲಿ ಹಿಡಿದವರಿಗೆ ಇನ್ನೊಂದು ಮಾತು: ಅವರು ಕೇಂದ್ರ ಶಿಕ್ಷಣ ಮಂತ್ರಿಯಾಗಿದ್ದಾಗಲೇ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆ ಯೋಜನೆ ಶುರುವಾಯಿತು.

ಈಗ ನಂಜುಂಡಪ್ಪನವರು. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರದ ಪ್ರಾಧ್ಯಾಪಕರು, ಸಾರ್ವಜನಿಕ ಹಣಕಾಸು ಅವರ ವಿಷಯ. ರಾಜ್ಯ ಸರಕಾರದ ಆರ್ಥಿಕ ಸಲಹೆಗಾರರಾದರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಯಾದರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. ಪದವಿಗಳ ಪಟ್ಟಿ ಇಷ್ಟು ಸಾಕು. ಪದವಿ ಏರಿದ ಮಾಸ್ತರರು ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಫೋಟೋ ಕಾಲೇಜಿನ ಗೋಡೆ ಮೇಲೆ ಇದೆ. ನಂಜುಂಡಪ್ಪನವರ ಹೆಸರು ಮಾತ್ರ ಅಫಜಲಪುರದ ರೈತನ ಬಾಯಲ್ಲೂ ಬರುವುದಕ್ಕೆ ಕಾರಣ, ಅವರು ಪ್ರತಿ ತಾಲ್ಲೂಕಿಗೂ ಒಂದು ಅಂಕಿ ಕೊಟ್ಟರು.

2000ದ ಅಕ್ಟೋಬರ್‌ನಲ್ಲಿ ಎಸ್.ಎಂ. ಕೃಷ್ಣ ಅವರ ಸರಕಾರ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಉನ್ನತಾಧಿಕಾರ ಸಮಿತಿ ಮಾಡಿ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. 2002ರ ಜೂನ್‌ನಲ್ಲಿ ವರದಿ ಕೈಸೇರಿತು. ಅದಕ್ಕೂ ಮೊದಲು ಹಿಂದುಳಿದ ಭಾಗದ ಬಗ್ಗೆ ವರದಿಗಳೇ ಇರಲಿಲ್ಲ ಎಂದಲ್ಲ. ಧರಂಸಿಂಗ್ ಸಮಿತಿ 1981ರಲ್ಲೇ ಹೈದರಾಬಾದ್ ಕರ್ನಾಟಕದ ಸ್ಥಿತಿ ಬರೆದುಕೊಟ್ಟಿತ್ತು. 1999ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ ಜಿಲ್ಲೆಗಳ ಸಾಲಿನ ಕೊನೆಗೆ ಇದ್ದದ್ದು ನಮ್ಮ ಪಕ್ಕದ ರಾಯಚೂರು. ಆದರೆ ಜಿಲ್ಲೆಯ ಸರಾಸರಿಯಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆ, ಬ್ಯಾಂಕು, ಕಾಲೇಜು ಸೇರಿ ಹಳ್ಳಿಯ ಕೊರತೆ ಮುಚ್ಚಿಹೋಗುತ್ತದೆ. ನಂಜುಂಡಪ್ಪ ಸಮಿತಿ ಒಂದು ಮೆಟ್ಟಿಲು ಕೆಳಗಿಳಿದು ಆಗಿದ್ದ 175 ತಾಲ್ಲೂಕುಗಳನ್ನೂ ಬೇರೆ ಬೇರೆಯಾಗಿ ತೂಗಿತು. ಅದರ ಫಲ ಕೆಲವರಿಗೆ ಅಚ್ಚರಿ ತಂದಿತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿ ಕೂಡ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು.

ಲೆಕ್ಕ ಹೀಗೆ. ಒಟ್ಟು 35 ಸೂಚಕ ಆರಿಸಿಕೊಂಡರು. ನಿವ್ವಳ ಬಿತ್ತನೆ ಪ್ರದೇಶದಲ್ಲಿ ನೀರಾವರಿ ಎಷ್ಟು, ಹೆಕ್ಟೇರಿಗೆ ರಸಗೊಬ್ಬರ ಎಷ್ಟು ಕಿಲೋ, ಲಕ್ಷ ಜನಕ್ಕೆ ಎಷ್ಟು ಬ್ಯಾಂಕ್ ಶಾಖೆ, 100 ಚದರ ಕಿಲೋಮೀಟರಿಗೆ ಎಷ್ಟು ರಸ್ತೆ, 10,000 ಜನಕ್ಕೆ ಎಷ್ಟು ಡಾಕ್ಟರು, ಎಷ್ಟು ಹಾಸಿಗೆ, ಸಾಕ್ಷರರು ಎಷ್ಟು, ಸಾಲಿ ಬಿಟ್ಟ ಮಕ್ಕಳು ಎಷ್ಟು, ದಿನಕ್ಕೆ ತಲಾ 40 ಲೀಟರ್ ಕುಡಿಯುವ ನೀರು ಸಿಗುವ ಜನವಸತಿ ಎಷ್ಟು, ಹೀಗೆ. ಪ್ರತಿ ಸೂಚಕದಲ್ಲೂ ತಾಲ್ಲೂಕಿನ ಅಂಕಿಯನ್ನು ರಾಜ್ಯದ ಸರಾಸರಿಯಿಂದ ಭಾಗಿಸಬೇಕು. ರಾಜ್ಯದಷ್ಟೇ ಇದ್ದರೆ 1 ಬರುತ್ತದೆ, ಅರ್ಧ ಇದ್ದರೆ 0.50. ಆಮೇಲೆ ಒಂದೊಂದು ಸೂಚಕಕ್ಕೂ ಇಷ್ಟು ಎಂದು ತೂಕ ಕೊಟ್ಟು ಎಲ್ಲವನ್ನೂ ಒಂದೇ ಅಂಕಿಗೆ ಇಳಿಸಬೇಕು. ಅದೇ ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕ.

ನಾಲ್ಕೇ ಸೂಚಕ ಇಟ್ಟುಕೊಂಡು, ಸಮ ತೂಕ ಕೊಟ್ಟು, ಹೆಸರಿಲ್ಲದ ಒಂದು ತಾಲ್ಲೂಕಿಗೆ ಮಾಡಿ ನೋಡೋಣ. ನೀರಾವರಿ ರಾಜ್ಯದಲ್ಲಿ 24, ತಾಲ್ಲೂಕಿನಲ್ಲಿ 12, ಅಂದರೆ 0.50. ಸಾಕ್ಷರತೆ ರಾಜ್ಯದಲ್ಲಿ 60, ಇಲ್ಲಿ 45, ಅಂದರೆ 0.75. ಡಾಕ್ಟರು ಅಲ್ಲಿ 4, ಇಲ್ಲಿ 2, ಮತ್ತೆ 0.50. ರಸ್ತೆ ಅಲ್ಲಿ 80, ಇಲ್ಲಿ 88, ಅಂದರೆ 1.10. ಕೂಡಿಸಿದರೆ 2.85, ನಾಲ್ಕರಿಂದ ಭಾಗಿಸಿದರೆ 0.71. ಸಮಿತಿಯ ಅಳತೆಗೋಲಿನಲ್ಲಿ 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದುವರಿದ ತಾಲ್ಲೂಕು, 0.89ರಿಂದ 0.99 ಹಿಂದುಳಿದದ್ದು, 0.80ರಿಂದ 0.88 ಅತಿ ಹಿಂದುಳಿದದ್ದು, 0.79ರಿಂದ ಕೆಳಗೆ ಅತ್ಯಂತ ಹಿಂದುಳಿದದ್ದು. ನಮ್ಮ ಹೆಸರಿಲ್ಲದ ತಾಲ್ಲೂಕು ಕೊನೆಯ ಗುಂಪಿಗೆ ಬಿತ್ತು.

ರಾಜ್ಯದಲ್ಲಿ ಹೀಗೆ 114 ತಾಲ್ಲೂಕು ಹಿಂದುಳಿದವು ಎಂದು ಬಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಅಫಜಲಪುರ, ಆಳಂದ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ, ಶಹಾಪುರ, ಸುರಪುರ, ಯಾದಗಿರಿ ಎಲ್ಲವೂ ಆ ಪಟ್ಟಿಯಲ್ಲಿ. ಬೀದರ್ ಜಿಲ್ಲೆಯಿಂದ ಔರಾದ, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್. ಇಲ್ಲಿ ಒಂದು ಗಮನಿಸಿ. ಚಿತ್ತಾಪುರ ತಾಲ್ಲೂಕಿನಲ್ಲಿ ಆಗ ವಾಡಿ, ಶಹಾಬಾದ್ ಎರಡೂ ಇದ್ದವು, ಸೇಡಂ ತಾಲ್ಲೂಕಿನಲ್ಲಿ ಮಳಖೇಡ. ಸಿಮೆಂಟಿನ ಚಿಮಣಿಗಳು ಹಗಲು ರಾತ್ರಿ ಹೊಗೆ ಬಿಡುತ್ತಿದ್ದ ನೆಲ. ಆದರೂ ಅತ್ಯಂತ ಹಿಂದುಳಿದದ್ದು. ಕಾರ್ಖಾನೆ ಒಂದು ಸೂಚಕವನ್ನು ಎತ್ತಿತು, ಹತ್ತು ಸೂಚಕ ಅಲ್ಲೇ ಉಳಿದವು.

ಅಂಕಿ ಸಿಕ್ಕ ಮೇಲೆ ಹಣ ಹಂಚುವ ಹೆಜ್ಜೆ. 1ರಿಂದ ತಾಲ್ಲೂಕಿನ ಅಂಕಿ ಕಳೆದರೆ ಸಿಗುವುದು ಕೊರತೆ. ಅವನ್ನು ಕೂಡಿಸಿದ್ದೇ ಸಂಚಿತ ದುಸ್ಥಿತಿ ಸೂಚ್ಯಂಕ. ಮೂರು ತಾಲ್ಲೂಕಿನ ಕೊರತೆ 0.29, 0.15, 0.06 ಅನ್ನಿ. ಒಟ್ಟು 0.50. 100 ರೂಪಾಯಿ ಇದ್ದರೆ ಮೊದಲನೆಯದಕ್ಕೆ 58, ಎರಡನೆಯದಕ್ಕೆ 30, ಮೂರನೆಯದಕ್ಕೆ 12. ಶಾಸಕರು ಎಷ್ಟು ಗಟ್ಟಿಯಾಗಿ ಮಾತಾಡಿದರು ಎಂಬುದಕ್ಕೆ ಈ ಸೂತ್ರದಲ್ಲಿ ತೂಕವಿಲ್ಲ, ಅದೇ ಅದರ ದೊಡ್ಡ ಗುಣ.

ಸಮಿತಿ ಕೇಳಿದ್ದು 8 ವರ್ಷಕ್ಕೆ 31,000 ಕೋಟಿ ರೂಪಾಯಿ. ಅದರಲ್ಲಿ 15,000 ಕೋಟಿ ಮಾಮೂಲಿ ಬಜೆಟ್ಟಿನಿಂದ, 16,000 ಕೋಟಿ ಅದರ ಮೇಲೆ ಹೆಚ್ಚುವರಿಯಾಗಿ. ಉತ್ತರ ಕರ್ನಾಟಕಕ್ಕೆ 60 ಪಾಲು, ದಕ್ಷಿಣಕ್ಕೆ 40. ವಿಶೇಷ ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ಹಣ ಹೊರಡಲು 2007-08 ಆಯಿತು. ವರದಿ ಕೊಟ್ಟು ಐದು ವರ್ಷ ಕಳೆದಿತ್ತು, ನಂಜುಂಡಪ್ಪನವರು ತೀರಿಕೊಂಡು ಎರಡು ವರ್ಷ.

ಈಗ ಈ ಲೆಕ್ಕ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ನೋಡೋಣ. ಎಂ.ಎ. ತರಗತಿಯಲ್ಲಿ ಮೊದಲ ಸಲ ಸೂಚ್ಯಂಕ ಕಟ್ಟುವವರು ತಪ್ಪದೆ ಮಾಡುವ ತಪ್ಪು ಒಂದಿದೆ. ಒಬ್ಬ ಮಾಸ್ತರನಿಗೆ ರಾಜ್ಯದಲ್ಲಿ 30 ಮಕ್ಕಳು, ತಾಲ್ಲೂಕಿನಲ್ಲಿ 45 ಎಂದಿರಲಿ. ಸೀದಾ ಭಾಗಿಸಿದರೆ 1.50. ಕೋಣೆ ತುಂಬ ಮಕ್ಕಳನ್ನು ತುರುಕಿದ ಸಾಲಿ ರಾಜ್ಯಕ್ಕಿಂತ ಒಂದೂವರೆ ಪಟ್ಟು ಮುಂದು ಎಂದಂತೆ! ಇಲ್ಲಿ ತಿರುಗಿಸಿ, 30ನ್ನು 45ರಿಂದ ಭಾಗಿಸಬೇಕು, 0.67. ಸಾಲಿ ಬಿಟ್ಟ ಮಕ್ಕಳು, ಕೃಷಿ ಕೂಲಿಗಳ ಪ್ರಮಾಣ, ಇವೆಲ್ಲ ತಿರುಗಿಸಬೇಕಾದ ಸೂಚಕಗಳೇ.

ಎರಡನೆಯದು ಹೆಚ್ಚು ತೊಡಕಿನದು. ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ನುಂಗುತ್ತದೆ. ಮೊದಲಿನ ಲೆಕ್ಕದ ತಾಲ್ಲೂಕಿಗೆ ದೊಡ್ಡ ಹೆದ್ದಾರಿಗಳು ಬಂದು ರಸ್ತೆಯ ಅಂಕಿ 1.10ರಿಂದ 2.10ಕ್ಕೆ ಏರಿತು ಅನ್ನಿ. ಮೊತ್ತ 3.85, ಸರಾಸರಿ 0.96. ತಾಲ್ಲೂಕು ಒಮ್ಮೆಲೇ ಎರಡು ಗುಂಪು ಹಾರಿ ಮೇಲೆ ಬಂತು, ಕೊರತೆ 0.29ರಿಂದ 0.04ಕ್ಕೆ ಇಳಿಯಿತು, ಬರುವ ಹಣವೂ ಅಷ್ಟೇ ಇಳಿಯಿತು. ಡಾಕ್ಟರು ಆಗಲೂ ಇಬ್ಬರೇ, ನೀರಾವರಿ ಆಗಲೂ 12. ತೂಕ ಎಷ್ಟೇ ಜಾಣತನದಿಂದ ಹಂಚಿದರೂ ಇದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಒಟ್ಟು ಅಂಕಿಯ ಜೊತೆಗೆ ಬಿಡಿ ಸೂಚಕಗಳ ಪಟ್ಟಿಯನ್ನೂ ಕೇಳಿ ಪಡೆಯಬೇಕು.

ಮೂರನೆಯದು, ರಾಜ್ಯದ ಸರಾಸರಿ ಒಂದೇ ಕಡೆ ನಿಲ್ಲುವುದಿಲ್ಲ. ತಾಲ್ಲೂಕಿನ ತಲಾ ಬ್ಯಾಂಕ್ ಠೇವಣಿ 2,000ದಿಂದ 4,000ಕ್ಕೆ ಏರಿತು, ಎರಡು ಪಟ್ಟು. ಅದೇ ಹೊತ್ತಿಗೆ ಬೆಂಗಳೂರಿನ ದೆಸೆಯಿಂದ ರಾಜ್ಯದ ಸರಾಸರಿ 8,000ದಿಂದ 20,000ಕ್ಕೆ ಹೋಯಿತು. ಮೊದಲು 0.25 ಇದ್ದದ್ದು ಈಗ 0.20. ಊರಲ್ಲಿ ಸುಧಾರಣೆ ಕಣ್ಣಿಗೆ ಕಾಣುತ್ತಿದೆ, ಅಂಕಿ ಕೆಳಗಿಳಿದಿದೆ. ಎರಡೂ ಸುಳ್ಳಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ, ಇಷ್ಟು ವರ್ಷ ಕೊಟ್ಟ ಹಣ ದಂಡ ಎಂದು ಒಬ್ಬರು, ಏನೂ ಕೊಡಲೇ ಇಲ್ಲ ಎಂದು ಇನ್ನೊಬ್ಬರು ಅದೇ ಅಂಕಿ ಹಿಡಿದು ಜಗಳವಾಡುತ್ತಾರೆ.

ನಾಲ್ಕನೆಯದು ನಮ್ಮ ನೆಲದ್ದೇ ಸಮಸ್ಯೆ, ಗುಳೆ. 2001, 2011 ಎರಡು ಜನಗಣತಿಯಲ್ಲೂ ಮನೆ ಮನೆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಹೊತ್ತಿಗೆ ತೊಗರಿ ರಾಶಿ ಮುಗಿದಿರುತ್ತದೆ, ತಾಂಡಾಗಳ ಎಷ್ಟೋ ಮನೆಗೆ ಬೀಗ, ಜನ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸದಲ್ಲಿ. ಎಣಿಕೆಯ ಅಷ್ಟೂ ದಿನ ಊರಲ್ಲಿ ಇಲ್ಲದವರು ಊರಿನ ಲೆಕ್ಕಕ್ಕೆ ಬರುವುದಿಲ್ಲ. ಜನ ಕಡಿಮೆ ತೋರಿದಾಗ 10,000 ಜನಕ್ಕೆ ಇಷ್ಟು ಡಾಕ್ಟರು, ಇಷ್ಟು ಹಾಸಿಗೆ ಎಂಬ ಅಂಕಿಗಳೆಲ್ಲ ತುಸು ಉಬ್ಬುತ್ತವೆ. ಯುಗಾದಿಗೆ ಜನ ಮರಳಿದಾಗ ಆಸ್ಪತ್ರೆ ಮಾತ್ರ ಅಷ್ಟೇ ಇರುತ್ತದೆ. ಮೇಲಾಗಿ 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ಆಗಲೇ ಇಲ್ಲ.

ಇನ್ನು ಸೂಚಕಗಳೇ ಹಳೆಯವಾಗುತ್ತವೆ. ಆ 35ರಲ್ಲಿ ಲಕ್ಷ ಜನಕ್ಕೆ ಎಷ್ಟು ಟೆಲಿಫೋನು ಎಂಬುದೂ ಒಂದು. ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ಕಾಲಕ್ಕೆ ಅದು ಸರಿಯಾದ ಅಳತೆ. ರಸಗೊಬ್ಬರದ ಸೂಚಕದ ಮೇಲೂ ತಕರಾರು ತೆಗೆಯಬಹುದು. ಮಳೆ ನಂಬಿದ ಎರೆಭೂಮಿಯ ತೊಗರಿ ಗಾಳಿಯ ಸಾರಜನಕವನ್ನು ತಾನೇ ಬೇರಿನ ಗಂಟಿನಲ್ಲಿ ಹಿಡಿದುಕೊಳ್ಳುತ್ತದೆ, ಕಬ್ಬು ಭತ್ತದಷ್ಟು ಗೊಬ್ಬರ ಬೇಡುವುದಿಲ್ಲ. ಆ ಮಿತವ್ಯಯ ಈ ಲೆಕ್ಕದಲ್ಲಿ ಹಿಂದುಳಿದಿರುವಿಕೆಯಾಗಿ ಕಾಣುತ್ತದೆ.

ಇವೆಲ್ಲ ಅಳತೆಯ ದೋಷಗಳು. ಹಣ ಬಂದ ಮೇಲಿನ ದೋಷ ಬೇರೆ, ಅದು ಇನ್ನೂ ದುಬಾರಿ. ಹೆಚ್ಚುವರಿ ಎಂಬ ಮಾತಿನ ಮೇಲೆ ನಂಜುಂಡಪ್ಪ ವರದಿ ನಿಂತಿದೆ. ಒಂದು ತಾಲ್ಲೂಕಿಗೆ ಇಲಾಖೆಯಿಂದ ವರ್ಷಕ್ಕೆ 10 ಕೋಟಿ ಬರುತ್ತಿತ್ತು. ವಿಶೇಷ ನಿಧಿಯಿಂದ 4 ಕೋಟಿ ಮಂಜೂರಾಯಿತು. ಒಟ್ಟು 14 ಆಗಬೇಕು. ಇಲಾಖೆಯವರು, ಹೇಗೂ ವಿಶೇಷ ನಿಧಿ ಇದೆಯಲ್ಲ ಎಂದು ತಮ್ಮ 10ನ್ನು 7ಕ್ಕೆ ಇಳಿಸಿದರು. ಕೈಗೆ ಬಂದದ್ದು 11. ಕಾಗದದ ಮೇಲೆ ವಿಶೇಷ ನಿಧಿ 4 ಕೋಟಿ ಖರ್ಚಾಗಿದೆ, ಯಾರೂ ಕದ್ದಿಲ್ಲ, ಆದರೆ ತಾಲ್ಲೂಕಿಗೆ ಹೆಚ್ಚು ಸಿಕ್ಕಿದ್ದು 1 ಕೋಟಿ ಮಾತ್ರ. ಇದನ್ನು ಹಿಡಿಯುವ ದಾರಿ ಇದೆ. ವಿಶೇಷ ನಿಧಿ ಬರುವ ಮೊದಲಿನ ಮೂರು ವರ್ಷ, ಬಂದ ನಂತರದ ಮೂರು ವರ್ಷ, ಅದೇ ಇಲಾಖೆಯ ಅದೇ ಲೆಕ್ಕ ಶೀರ್ಷಿಕೆಯಲ್ಲಿ ತಾಲ್ಲೂಕಿಗೆ ಬಿಡುಗಡೆಯಾದ ಮಾಮೂಲಿ ಹಣವನ್ನು ಅಕ್ಕಪಕ್ಕ ಬರೆಯಬೇಕು. ಮಂಜೂರಾದದ್ದನ್ನು ಬಿಟ್ಟು ಬಿಡುಗಡೆಯಾದದ್ದು, ಖರ್ಚಾದದ್ದು ಎರಡನ್ನೇ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಶೀರ್ಷಿಕೆಯ ಸಂಖ್ಯೆ ಬರೆಯದಿದ್ದರೆ, ಮಾಹಿತಿ ಕ್ರೋಡೀಕರಿಸಿಲ್ಲ ಎಂಬ ಒಂದು ಸಾಲಿನ ಉತ್ತರ ಬರುವ ಸಂಭವ ಹೆಚ್ಚು.

ಖರ್ಚಿನ ಕ್ಯಾಲೆಂಡರ್ ಕೂಡ ನಮ್ಮ ಹವೆಗೆ ಹೊಂದುವುದಿಲ್ಲ. ಕ್ರಿಯಾಯೋಜನೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರು, ಕಾರ್ಯಾದೇಶ, ಇಷ್ಟು ಹೆಜ್ಜೆ ಆಗಬೇಕು. ಏಪ್ರಿಲ್‌ನಲ್ಲಿ ಶುರುವಾದ ಕಡತ ಮಳೆಗಾಲದ ನಡುವೆ ಹೊರಬಿದ್ದರೆ ಎರೆಮಣ್ಣಿನ ಮೇಲೆ ರೋಲರ್ ಇಳಿಯುವುದಿಲ್ಲ. ದೀಪಾವಳಿಯ ಆಚೆ ಕೆಲಸ ಹಿಡಿದರೆ ಮಾರ್ಚ್ ಬಂದೇ ಬಿಡುತ್ತದೆ. ಆಗ ಬಿಲ್ಲಿಗಾಗಿ ಅವಸರ. ಹಸಿಯಾದರೆ ಉಬ್ಬಿ, ಒಣಗಿದರೆ ಬಿರಿಯುವ ಎರೆಮಣ್ಣಿನ ಮೇಲೆ ಸಾಕಷ್ಟು ಗರಸು ಹಾಕಿ ದಮ್ಮಸು ಮಾಡದ ರಸ್ತೆ ಮುಂದಿನ ಮಳೆಗೇ ಅಲೆಯಾಗುತ್ತದೆ. ಆದರೂ 100 ಚದರ ಕಿಲೋಮೀಟರಿಗೆ ಇಷ್ಟು ರಸ್ತೆ ಎಂಬ ಸೂಚಕದಲ್ಲಿ ಅದು ರಸ್ತೆಯೇ.

ಈಚೆಗೆ ಹಣದ ಮಟ್ಟ ಏರಿದೆ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸೇರಿತು, ಅದರಡಿ ಕಲಬುರಗಿಯಲ್ಲಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2023-24ರ ಬಜೆಟ್ಟಿನಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಹಣ ಇಷ್ಟಾದಾಗ ಹಂಚುವ ಅಂಕಿ ಇಪ್ಪತ್ತು ವರ್ಷ ಹಳೆಯದಾಗಿದ್ದರೆ ಆಗುವ ನಷ್ಟವೂ ಅಷ್ಟೇ ದೊಡ್ಡದು.

ಅದಕ್ಕೇ 2024ರಲ್ಲಿ ಸರಕಾರ ಪ್ರೊಫೆಸರ್ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿತು. ಇವರೂ ಸಾರ್ವಜನಿಕ ಹಣಕಾಸಿನ ಮಾಸ್ತರರೇ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಸಂಸ್ಥೆಯ ನಿರ್ದೇಶಕರಾಗಿದ್ದರು, 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದರು. ಅದಕ್ಕೂ ಮೊದಲು ನಿರ್ದೇಶಕರಾಗಿದ್ದದ್ದು ವಿ.ಕೆ.ಆರ್.ವಿ. ರಾಯರು ಕಟ್ಟಿದ ಅದೇ ಐಸೆಕ್‌ಗೆ.

ಇಂಥ ಸಮಿತಿಯ ಮುಂದಿರುವ ಕೆಲಸ ನಂಜುಂಡಪ್ಪನವರ ಕಾಲಕ್ಕಿಂತ ಬಿಗಿ. 175 ತಾಲ್ಲೂಕು ಈಗ ಇನ್ನೂರು ದಾಟಿವೆ. ಕಲಬುರಗಿ ಜಿಲ್ಲೆಯಲ್ಲಿ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್. ಯಾದಗಿರಿಯಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್. ಬೀದರಿನಲ್ಲಿ ಚಿಟಗುಪ್ಪ, ಹುಲಸೂರ, ಕಮಲನಗರ. ಹಳೆಯ ಅಂಕಿಗಳನ್ನು ಗಡಿ ಬದಲಾದಂತೆ ಕತ್ತರಿಸಲು ಆಗುವುದಿಲ್ಲ. ಹಳ್ಳಿವಾರು ಅಂಕಿ ತೆಗೆದು, ಯಾವ ಹಳ್ಳಿ ಯಾವ ಹೊಸ ತಾಲ್ಲೂಕಿಗೆ ಸೇರಿದೆ ಎಂದು ಗುರುತು ಹಾಕಿ, ಮತ್ತೆ ಕೂಡಿಸಬೇಕು. ಸಾಕ್ಷರತೆಗೆ ಅದು ಆಗುತ್ತದೆ, ಜನಗಣತಿಯಲ್ಲಿ ಹಳ್ಳಿವಾರು ಪಟ್ಟಿ ಇದೆ. ಡಾಕ್ಟರು, ಬ್ಯಾಂಕು, ರಸ್ತೆಗೆ ಇಲಾಖೆಗಳ ರಿಜಿಸ್ಟರನ್ನೇ ತಿರುವಬೇಕು.

ಕಮಲಾಪುರದ ಉದಾಹರಣೆ ತೆಗೆದುಕೊಳ್ಳಿ, ಕೆಂಪು ಬಾಳೆಯ ಊರು. 2002ರಲ್ಲಿ ಅದು ಗುಲ್ಬರ್ಗಾ ತಾಲ್ಲೂಕಿನೊಳಗೆ. ನಗರದ ದೊಡ್ಡಾಸ್ಪತ್ರೆಯ ಡಾಕ್ಟರು, ಸುಪರ್ ಮಾರ್ಕೆಟ್ ಸುತ್ತಲಿನ ಬ್ಯಾಂಕು, ಕಾಲೇಜುಗಳು, ಎಲ್ಲ ಆ ತಾಲ್ಲೂಕಿನ ಲೆಕ್ಕಕ್ಕೇ. ಅತ್ಯಂತ ಹಿಂದುಳಿದ 39ರಲ್ಲಿ ಗುಲ್ಬರ್ಗಾ ತಾಲ್ಲೂಕು ಬರಲಿಲ್ಲ, ಅದರ ಹೊಟ್ಟೆಯೊಳಗಿದ್ದ ಕಮಲಾಪುರಕ್ಕೆ ತನ್ನದೇ ಆದ ಅಂಕಿ ಇರಲೇ ಇಲ್ಲ. ನಗರವನ್ನು ಕಳೆದು ಆ ಹಳ್ಳಿಗಳನ್ನಷ್ಟೇ ಬೇರೆ ತೂಗಿದಾಗ 10,000 ಜನಕ್ಕೆ ಡಾಕ್ಟರು ಎಷ್ಟು ಬರುತ್ತದೆ ಎನ್ನುವುದನ್ನು ಹೊಸ ಪಟ್ಟಿಯಲ್ಲಿ ಮೊದಲು ಹುಡುಕಿ ನೋಡಿ.

ನಮಸ್ಕಾರ.